ಒಂದೂವರೆ ಮಿಲಿಮೀಟರ್ ಕಡಿಮೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯಲ್ಲಿದ್ದಿದ್ದರೆ ಒಂದು ಸಲ ಜೋರಾಗಿ ಸೀನಿದಾಗ ಹೋಗಿಬಿಡುತ್ತಿತ್ತು. ನನ್ನದು ಕೈಯಲ್ಲಿದೆ. ಹುಟ್ಟಿದಾಗಿನಿಂದ ಈ ಕೈಯನ್ನು ಹಿಡಿದು, ತಿರುಗಿಸಿ ನೋಡಿ, ‘ಅಯ್ಯೋ, ಗೊಂಬೆ ಕೈ’ ಅಂದವರೇ ಎಲ್ಲರೂ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವನ ಮಗಳಿಗೆ ಆ ಮಾತು ಹೊಗಳಿಕೆ ಅನ್ನಿಸಬೇಕಿತ್ತು. ನನಗೆ ಮೈ ಉರಿಯುತ್ತಿತ್ತು. ಮೂವತ್ತು ದಾಟಿದ ಮೇಲೂ ಉರಿಯುತ್ತದೆ.

ನಾನು ಆಳೂ ಗಿಡ್ಡ, ಕೈಯೂ ಗಿಡ್ಡ. ಅಪ್ಪ ಅದನ್ನು ಕೊರತೆ ಅಂತ ಎಂದೂ ಅಂದವನಲ್ಲ. ಅವನು ಮಾಡಿದ್ದೇ ಬೇರೆ. ಮನೆಯಲ್ಲಿ ನಾನು ಮುಟ್ಟುವ ಸಾಮಾನನ್ನೆಲ್ಲ ನನ್ನ ಅಳತೆಗೆ ಇಳಿಸಿದ. ಲಟ್ಟಣಿಗೆ ನನಗೆ ಬೇರೆ, ಅವ್ವನದಕ್ಕಿಂತ ನಾಲ್ಕು ಬೆರಳು ಮೋಟು. ಸೌಟಿನ ಹಿಡಿ, ಈಳಿಗೆಮಣೆ, ಸೈಕಲ್ಲಿನ ಹ್ಯಾಂಡಲ್ ಹಿಡಿ, ಎಲ್ಲವೂ ಒಂದು ಸಲ ಅವನ ಕೈಯಲ್ಲಿ ಹೋಗಿಬಂದವೇ. ಅವನ ಕಸುಬಿನ ನೇಮವೇ ಹಾಗೆ. ಗಿಲಕಿ ಕೊಳ್ಳಲು ಬಂದವರ ಕಂಕುಳಲ್ಲಿ ಮಗುವಿದ್ದರೆ ಮೊದಲು ಅದರ ಮುಷ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದ. ಆಮೇಲೇ ಲೇತಿಗೆ ಮರ ಸಿಕ್ಕಿಸಿ ಉಳಿ ಎತ್ತುತ್ತಿದ್ದುದು. ‘ಗೊಂಬೆ ಕೈ ತಾವ್ಕೆ ಬರ್ಬೇಕು, ಕೈ ಗೊಂಬೆ ತಾವ್ಕೆ ಓಗ್ಬಾರ್ದು’ ಎನ್ನುತ್ತಿದ್ದ. ಕೇಳಲು ಚೆನ್ನಾಗಿದೆ. ಆದರೆ ಹೊಸ್ತಿಲು ದಾಟಿದರೆ ಬಸ್ಸಿನ ಮೇಲ್ಕಂಬಿ, ಸ್ಕೂಲಿನ ಕಪ್ಪು ಹಲಗೆ, ಬ್ಯಾಂಕಿನ ಕೌಂಟರು, ಯಾವುದೂ ನನ್ನ ಕೈ ತನಕ ಬರುತ್ತಿರಲಿಲ್ಲ. ಮನೆಯೊಳಗೆ ನಾನು ಸರಿಯಳತೆಯ ಹೆಂಗಸು, ಹೊರಗೆ ಕುಳ್ಳಿ.

ಪಿಯಾನೋ ಹೊರಗಿನ ಸಾಮಾನು. ನಾನು ಓದಿದ್ದು ರಾಮನಗರದ ಒಂದು ಕಾನ್ವೆಂಟಿನಲ್ಲಿ, ಈಗ ಅಲ್ಲೇ ಯುಕೆಜಿ ಮಕ್ಕಳ ಟೀಚರು. ಅಲ್ಲಿನ ಪ್ರಾರ್ಥನೆ ಹಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸುವಂಥ ಒಂದು ಹಳೆಯ ಪಿಯಾನೋ ಇತ್ತು. ಎಂದೋ ಯಾರೋ ಪಾದ್ರಿಗಳು ಬಿಟ್ಟುಹೋದದ್ದಂತೆ. ಮಂಗಳೂರು ಕಡೆಯ ಒಬ್ಬ ವಯಸ್ಸಾದ ಸಿಸ್ಟರ್ ನನಗೆ ಎಂಟನೇ ವಯಸ್ಸಿನಿಂದ ಅದರ ಮೇಲೆ ಕಲಿಸಿದರು. ಅವರು ನಿವೃತ್ತರಾಗಿ ಊರಿಗೆ ಹೋಗುವಾಗ ತಮ್ಮ ಸ್ವರದ ಪುಸ್ತಕಗಳ ಗಂಟನ್ನೂ, ಬೆಳಗಿನ ಪ್ರಾರ್ಥನೆಗೆ ಬಾರಿಸುವ ಕೆಲಸವನ್ನೂ ನನಗೆ ಕೊಟ್ಟು ಹೋದರು. ಹೆಡ್ ಸಿಸ್ಟರ್ ಒಂದು ದಿನ ಕರೆದು, ‘ನೀವು ಡಿಪ್ಲೊಮಾ ಪರೀಕ್ಷೆ ಪಾಸು ಮಾಡಿಕೊಂಡರೆ ಇಡೀ ಶಾಲೆಗೆ ಸಂಗೀತದ ಟೀಚರು ನೀವೇ’ ಅಂದರು. ಸಿಂಬಳ ಒರೆಸುವುದು, ಟಿಫನ್ ಡಬ್ಬಿ ಮುಚ್ಚಳ ತೆಗೆದುಕೊಡುವುದು, ಚಡ್ಡಿ ಬದಲಿಸುವುದು, ಇದರಿಂದ ಬಿಡುಗಡೆ. ದಿನವೆಲ್ಲ ಪಿಯಾನೋ. ನನಗೆ ಬೇರೇನೂ ಬೇಡವಾಗಿತ್ತು.

ಪರೀಕ್ಷೆಗೆ ಮೂರು ಕೃತಿ ನುಡಿಸಬೇಕು. ಕೊನೆಯದು ನಮ್ಮ ಸಾಮರ್ಥ್ಯ ತೋರಿಸುವಂಥದ್ದಿರಬೇಕು. ಸಿಸ್ಟರ ಗಂಟಿನಲ್ಲಿ ಒಂದು ಎಟ್ಯೂಡ್ ಇತ್ತು. ಎಟ್ಯೂಡ್ ಅಂದರೆ ಬೆರಳಿನ ಅಭ್ಯಾಸದ ಪಾಠ, ನಮ್ಮ ಜಂಟಿ ವರಸೆ ಇದ್ದ ಹಾಗೆ. ಆದರೆ ನೂರೈವತ್ತು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ಪಿಯಾನೋ ಮಾಂತ್ರಿಕರು ಅನ್ನಿಸಿಕೊಂಡವರು ಆ ಪಾಠವನ್ನೇ ಕಛೇರಿಗೆ ಹತ್ತಿಸಿಬಿಟ್ಟರು. ವರಸೆ ಹಾಡಿ ಸಭೆಯನ್ನು ಎದ್ದು ನಿಲ್ಲಿಸುವುದೆಂದರೆ ಸುಮ್ಮನೆಯೇ? ನಾನು ಹೇಳುತ್ತಿರುವುದರಲ್ಲಿ ಬಲಗೈ ಕೆಳಗೆ ಒಂದು ಸ್ವರ ಮುಟ್ಟಿ, ಎರಡು ಸ್ಥಾಯಿ ಮೇಲಕ್ಕೆ ಹಾರಿ ಸಣ್ಣ ಗಂಟೆಯ ಹಾಗೆ ಒಂದು ಸ್ವರ ಬಾರಿಸಿ, ಮತ್ತೆ ಕೆಳಕ್ಕೆ ಬೀಳಬೇಕು. ಮತ್ತೆ ಹಾರಬೇಕು, ಮತ್ತೆ ಬೀಳಬೇಕು, ಪುಟಗಟ್ಟಲೆ. ನೋಡಿಕೊಂಡು ಹಾರುತ್ತೇನೆ ಅಂದರೆ ಆಗದು. ಕಣ್ಣು ಅತ್ತ ತಿರುಗುವಷ್ಟರಲ್ಲಿ ಕೈ ಹೋಗಿ ಬಂದಿರಬೇಕು. ಕತ್ತಲಲ್ಲೂ ಕಾಲಿಗೆ ಮನೆಯ ಮೆಟ್ಟಿಲು ಗೊತ್ತಿರುತ್ತದಲ್ಲ, ಕೈಗೆ ಆ ದೂರ ಹಾಗೆ ಗೊತ್ತಿರಬೇಕು.

ಸಿಸ್ಟರಿಗೆ ಫೋನು ಮಾಡಿ ಇದನ್ನೇ ನುಡಿಸುತ್ತೇನೆ ಅಂದೆ. ಅವರು ನಕ್ಕರು. ‘ಅದು ನಿನ್ನ ಕೈಗೆ ಆಗುವುದಿಲ್ಲ ಮಾರಾಯ್ತಿ. ನಿನ್ನದು ಚಿಕ್ಕ ಕೈ. ಬೇರೆ ಚಂದದ್ದು ಬೇಕಾದಷ್ಟು ಉಂಟು’ ಅಂದರು. ಅಷ್ಟು ಸಾಕಾಯಿತು. ಅದು ನನಗೆ ಇಷ್ಟವಾಗಿತ್ತೇ ಇಲ್ಲವೇ ಎಂದು ಇವತ್ತಿಗೂ ಹೇಳಲಾರೆ. ಆಗುವುದಿಲ್ಲ ಅಂದರಲ್ಲ, ಅದಕ್ಕೇ ಹಿಡಿದೆ.

ಹಿಡಿದ ಎರಡೇ ವಾರಕ್ಕೆ ಹಾಲಿನ ಚಾವಣಿ ರಿಪೇರಿಗೆ ಬಂತು. ಹೆಂಚು ಇಳಿಸಿದರು, ತೊಲೆ ಬದಲಿಸುತ್ತೇವೆ ಅಂದರು, ಪಿಯಾನೋವನ್ನು ತಳ್ಳಿಕೊಂಡು ಹೋಗಿ ಸ್ಟೋರ್ ರೂಮಿನಲ್ಲಿ ಟಾರ್ಪಾಲು ಹೊದಿಸಿ, ಮುಂದೆ ಮುರಿದ ಬೆಂಚುಗಳನ್ನು ಅಡ್ಡ ಪೇರಿಸಿದರು. ಅದು ಫೆಬ್ರವರಿ ಕೊನೆ. ಪರೀಕ್ಷೆ ಇದ್ದದ್ದು ಜುಲೈನಲ್ಲಿ. ಹಾಲಿನ ರಿಪೇರಿ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಹೆಡ್ ಸಿಸ್ಟರು ಕಂಟ್ರಾಕ್ಟರ ಕಡೆ ಕೈ ತೋರಿಸಿದರು, ಕಂಟ್ರಾಕ್ಟರು ಮೇಲೆ ಆಕಾಶದ ಕಡೆ ತೋರಿಸಿದರು. ಆ ಸಂಜೆ ಮನೆಗೆ ಬಂದು ನಾನು ಕೂಗಾಡಿದ ರೀತಿಗೆ ಅವ್ವ ಹಾಲಿನ ಪಾತ್ರೆಯನ್ನು ನನ್ನ ಕೈಗೆಟುಕದ ಕಡೆ ತೆಗೆದಿಟ್ಟಳು. ಅಪ್ಪ ಲೇತಿನ ಮುಂದೆ ಕೂತೇ ಎಲ್ಲ ಕೇಳಿಸಿಕೊಂಡ.

ಶನಿವಾರ ಅವನು ಶಾಲೆಗೆ ಬಂದ. ವಾಚ್‌ಮನ್ ಕೈಲಿ ಬೆಂಚು ಸರಿಸಿ, ಟಾರ್ಪಾಲಿನ ಒಂದು ಮೂಲೆ ಎತ್ತಿ, ಎರಡು ಕಾಲಿನ ಅಳತೆಕೋಲು ಕ್ಯಾಲಿಪರ್ ಇಟ್ಟು ಬಿಳಿ ಕೀ, ಕಪ್ಪು ಕೀ, ಒಂದೊಂದರ ಉದ್ದ ಅಗಲ ಎತ್ತರ ತೆಗೆದುಕೊಂಡು ಒಂದು ಲಗ್ನಪತ್ರಿಕೆಯ ಹಿಂದೆ ಗುರುತು ಹಾಕಿಕೊಂಡ. ಮೂರು ವಾರಕ್ಕೆ ನನಗೊಂದು ಮೂಕ ಪಿಯಾನೋ ತಯಾರಾಯಿತು. ಹಾಲೆಮರದ ಐದು ಸ್ಥಾಯಿಯ ಕೀಗಳು. ಬಿಳಿಯವಕ್ಕೆ ಮರದ ಬಣ್ಣವೇ ಸಾಕು ಎಂದು ಹಾಗೇ ಬಿಟ್ಟಿದ್ದ. ಕಪ್ಪಿನವಕ್ಕೆ ಕಪ್ಪು ಅರಗು ಹತ್ತಿಸಿ, ತಾಳೆಗರಿಯಲ್ಲಿ ಉಜ್ಜಿ, ಮುಖ ಕಾಣುವ ಹಾಗೆ ಮಾಡಿದ್ದ. ಒತ್ತಿದರೆ ಕೆಳಗೆ ಹೋಗಿ ತಾನೇ ಮೇಲೆ ಬರಲಿ ಎಂದು ಅಡಿಗೆ ಸೈಕಲ್ ಟ್ಯೂಬಿನ ರಬ್ಬರು. ಸ್ವರ ಇಲ್ಲ, ಮರದ ಟಕಟಕ ಅಷ್ಟೇ. ಆ ದಿನ ಅಪ್ಪನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತ್ತೆಂದರೆ, ಅದನ್ನು ನೆನೆದರೆ ಈಗ ಇನ್ನಷ್ಟು ಸಿಟ್ಟು ಬರುತ್ತದೆ.

ನಾಲ್ಕು ತಿಂಗಳು ಅದರ ಮೇಲೆ ಸಾಧನೆ ಮಾಡಿದೆ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಒಂದು ಗಂಟೆ, ಬಂದ ಮೇಲೆ ಎರಡು ಗಂಟೆ. ಬೇಸಿಗೆ ರಜೆಯಲ್ಲಿ ದಿನವೆಲ್ಲ. ‘ಇದೇನವ್ವ, ಮನೇಲಿ ಮರಕುಟ್ಕ ಸಾಕ್ಕಂಡಂಗಾಯ್ತು’ ಎಂದು ಅವ್ವ ಬೈಯುತ್ತಿದ್ದಳು. ಆದರೆ ಹಾರುವುದು ಬಂತು. ಬರುವುದೇನು, ಸುಲಭವಾಗಿ ಬಂತು. ಶಾಲೆಯ ಪಿಯಾನೋದಲ್ಲಿ ಒಂದು ಸ್ಥಾಯಿ ಒಟ್ಟಿಗೆ ಹಿಡಿಯಲು ಹೆಬ್ಬೆರಳಿಗೂ ಕಿರುಬೆರಳಿಗೂ ನಡುವಿನ ಚರ್ಮ ಬಿಗಿದು ಬಿಳಿಚಿಕೊಳ್ಳುತ್ತಿತ್ತು. ಇಲ್ಲಿ ಕೈ ಸುಖವಾಗಿ ಕೂರುತ್ತಿತ್ತು. ಅಭ್ಯಾಸದಿಂದ ಕೈ ಬಿಚ್ಚಿಕೊಂಡಿದೆ ಎಂದು ಬೀಗಿದೆ. ಕಣ್ಣು ಮುಚ್ಚಿಕೊಂಡು ಎರಡು ಸ್ಥಾಯಿ ಹಾರಿ ಬೆರಳು ಇಟ್ಟು ಕಣ್ಣು ಬಿಟ್ಟರೆ, ಸರಿಯಾದ ಕೀ ಮೇಲೇ ಇರುತ್ತಿತ್ತು. ಸಿಸ್ಟರಿಗೆ ಫೋನು ಮಾಡಿ, ‘ಆಗುವುದಿಲ್ಲ ಅಂದಿರಲ್ಲ, ಆಯಿತು’ ಅಂದೆ. ಅವರು, ‘ನಿಜವಾದ ಪಿಯಾನೋದಲ್ಲಿ ನುಡಿಸಿ ನೋಡಿದ್ದೀಯಾ? ಪರೀಕ್ಷೆಯ ಹಿಂದಿನ ದಿನ ಬೆಂಗಳೂರಿಗೆ ಹೋಗಿ ಎಲ್ಲಾದರೂ ಒಂದು ಗಂಟೆ ಕೂತುಕೋ’ ಅಂದರು. ನಾನು ಹೋಗಲಿಲ್ಲ. ಅವರ ಮಾತನ್ನು ಇನ್ನೊಮ್ಮೆ ಕೇಳಬಾರದು ಅನ್ನುವ ಹಟ.

ಅಪ್ಪನ ಕೀಗಳಿಗೆ ಸ್ಕೇಲು ಇಟ್ಟು ಒಂದು ಸಲ ಅಳೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪನ ಅಳತೆಯನ್ನು ಅಳೆಯುವುದೆಂದರೆ ನಮ್ಮ ಮನೆಯಲ್ಲಿ ಅವನ ಮಾತಿಗೆ ಸಾಕ್ಷಿ ಕೇಳಿದ ಹಾಗೆ. ಅವನು ತಿರುವಿದ ನೂರು ಮಣಿಗಳನ್ನು ಸಾಲಾಗಿ ಇಟ್ಟರೆ ಕೂದಲೆಳೆ ಹೆಚ್ಚುಕಡಿಮೆ ಇರುವುದಿಲ್ಲ. ಅಂಥವನ ಕೆಲಸಕ್ಕೆ ಸ್ಕೇಲು ಹಿಡಿಯುವ ಯೋಚನೆ ಕೂಡ ನನಗೆ ಬರಲಿಲ್ಲ.

ಪರೀಕ್ಷೆ ಕನಕಪುರ ರಸ್ತೆಯ ಬೆಂಗಳೂರು ತುದಿಯಲ್ಲಿ ಒಂದು ಸಂಗೀತ ಶಾಲೆಯಲ್ಲಿ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜೊತೆಗೆ ಬಂದ. ರಾಮನಗರದಲ್ಲಿ ಬಸ್ಸು ಬದಲಿಸಿ, ಕನಕಪುರದಲ್ಲಿ ಇನ್ನೊಮ್ಮೆ ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವ್ವ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಲ್ಲಿ ಹೊರಗಿನ ಬೆಂಚಿನ ಮೇಲೆ ಅವನು, ಒಳಗೆ ನಾನು. ಪರೀಕ್ಷಕರು ವಿದೇಶದಿಂದ ಬಂದ ವಯಸ್ಸಾದ ಮನುಷ್ಯ. ಕನ್ನಡಕ ಮೂಗಿನ ಮೇಲೆ, ಮುಂದೆ ಹಾಳೆ.

ಮೊದಲ ಎರಡು ಕೃತಿ ನಿಧಾನದವು, ಕೀ ನೋಡಿಕೊಂಡು ನುಡಿಸಬಹುದಾದವು. ಅಲ್ಲಲ್ಲಿ ಬೆರಳು ಜಾರಿತು. ಹೊಸ ಪಿಯಾನೋ, ಹಾಗಾಗುತ್ತದೆ ಅಂದುಕೊಂಡೆ. ಆಮೇಲೆ ಎಟ್ಯೂಡ್. ಮೊದಲ ಸಲ ಮೇಲಕ್ಕೆ ಹಾರಿದೆ, ಪಕ್ಕದ ಸ್ವರ ಬಡಿಯಿತು. ಎರಡನೆಯದೂ ಹಾಗೆ. ಮೂರನೆಯದು ಎರಡು ಕೀಗಳ ನಡುವೆ ಬಿದ್ದು ಎರಡೂ ಒಟ್ಟಿಗೆ ಕಿರುಚಿದವು. ತಪ್ಪು ಅಂದರೆ ಒಮ್ಮೆ ಆಚೆ ಒಮ್ಮೆ ಈಚೆ ಆಗಬೇಕು. ನನ್ನದು ಪ್ರತಿ ಸಲವೂ ಒಂದು ಮನೆ ಹಿಂದೆಯೇ ಬೀಳುತ್ತಿತ್ತು. ಎಂದಿಗೂ ಮುಂದೆ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನೆನಪಿಗೆ ಬಂದು, ನೆಲವನ್ನು ಬೈಯಬೇಡ, ಕುಣಿ ಎಂದು ನನಗೆ ನಾನೇ ಗದರಿಕೊಂಡೆ. ಬೇಕೆಂದೇ ಇನ್ನೂ ದೂರ ಎಸೆದೆ, ಆಗ ಕೈ ಎಲ್ಲೆಲ್ಲಿಗೋ ಹೋಯಿತು. ನಿಲ್ಲಿಸಲಿಲ್ಲ. ಸಿಟ್ಟಿನಲ್ಲಿ ಕೊನೆಯ ಪುಟದವರೆಗೂ ಬಡಿದೆ. ಮೇಲಿನ ಆ ಗಂಟೆಯಂಥ ಸ್ವರ ಒಂದೂ ಸರಿಯಾಗಿ ಬೀಳಲಿಲ್ಲ.

ಪರೀಕ್ಷಕರು ಏನನ್ನೋ ಬರೆದು, ತಲೆ ಎತ್ತಿ, ನನ್ನ ಕೈ ನೋಡಿದರು. ಎಲ್ಲರೂ ನೋಡುವ ಹಾಗೇ. ‘ಇದು ದೊಡ್ಡ ಕೈಯವರ ಕೃತಿ. ನಿಮಗೆ ಯಾರಾದರೂ ಮೊದಲೇ ಹೇಳಬೇಕಿತ್ತು’ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಒರಟಾಗಿ ಅಂದಿದ್ದರೆ ಎದುರು ಮಾತಾಡಬಹುದಿತ್ತು. ನಾನು ಸ್ವರದ ಪುಸ್ತಕ ಮಡಚಿಕೊಂಡು ಎದ್ದೆ.

ಹೊರಗೆ ಬಂದಾಗ ಅಪ್ಪ ಎದ್ದು ನಿಂತು, ‘ಚೆನ್ನಾಗ್ ಬಂತಾ ಮಗ?’ ಅಂದ.

‘ಇಲ್ಲ.’

‘ಬುಡು, ಒಸಿ ಉಣ್ಣು’ ಎಂದು ಡಬ್ಬಿ ತೆಗೆದ. ನಾನು ಮುಟ್ಟಲಿಲ್ಲ. ಕನಕಪುರದವರೆಗೂ ಅವನೂ ಮುಟ್ಟಲಿಲ್ಲ.

ಮಾರನೆಯ ದಿನ ಶಾಲೆಯಲ್ಲಿ ಸ್ಟೋರ್ ರೂಮಿನ ಬೀಗ ತೆಗೆಸಿ, ಬೆಂಚುಗಳನ್ನು ನಾನೇ ಎಳೆದುಹಾಕಿ, ಟಾರ್ಪಾಲು ಎತ್ತಿದೆ. ಒಂದೇ ಸಮ ಹಿಂದಕ್ಕೆ ಬೀಳುವ ತಪ್ಪು ಕೈಯ ತಪ್ಪಲ್ಲ ಎಂದು ಬಸ್ಸಿನಲ್ಲೇ ಅನ್ನಿಸಿತ್ತು. ಕ್ಲಾಸಿನ ಸ್ಕೇಲು ಇಟ್ಟೆ. ಒಂದು ಸ್ಥಾಯಿಗೆ ಹದಿನಾರೂವರೆ ಸೆಂಟಿಮೀಟರ್. ಸಂಜೆ ಮನೆಗೆ ಬಂದು ಅದೇ ಸ್ಕೇಲನ್ನು ಅಪ್ಪನ ಕೀಗಳ ಮೇಲಿಟ್ಟೆ. ಹದಿನೈದೂವರೆಗೂ ಒಂದು ಗೆರೆ ಕಡಿಮೆ. ಒಂದೊಂದು ಕೀ ಒಂದೂವರೆ ಮಿಲಿಮೀಟರ್ ಸಣ್ಣ. ಒಂದಕ್ಕೆ ಅದು ಏನೂ ಅಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಎರಡು ಸ್ಥಾಯಿ ಹಾರಿದರೆ ಎರಡು ಸೆಂಟಿಮೀಟರ್ ದಾಟುತ್ತದೆ, ಹೆಚ್ಚುಕಡಿಮೆ ಒಂದು ಪೂರಾ ಕೀ. ನನ್ನ ನೆಲ ನಿಜಕ್ಕೂ ಡೊಂಕಾಗಿತ್ತು.

ಅಪ್ಪನ ಲೇತ್ ತಿರುಗುತ್ತಿತ್ತು. ನಾನು ಹೋಗಿ ಸ್ವಿಚ್ಚು ಆರಿಸಿದೆ. ಅವನ ಕೆಲಸದ ನಡುವೆ ಹಾಗೆ ಯಾರೂ ಎಂದೂ ಮಾಡಿದ್ದಿಲ್ಲ.

‘ಅಪ್ಪ, ಇದು ಸ್ಕೂಲ್ ಪಿಯಾನೋಗಿಂತ ಸಣ್ಣ ಐತೆ.’

‘ಊಂ. ಒಸಿ ಕಮ್ಮಿ ಮಾಡ್ದೆ’ ಅಂದ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

‘ಯಾಕೆ?’

‘ನಿನ್ ಕೈ ಸಣ್ದಲ್ವಾ? ಅಲ್ಲಿರೋದು ಯಾರೋ ದೊಡ್ ಆಳಿನ್ದು. ಅದ್ರ ಮ್ಯಾಲೆ ನಿನ್ ಕೈ ಎಳ್ದಾಡೋದ್ ನೋಡಿದ್ದೆ.’

‘ಪರೀಕ್ಷೆಲೂ ಅದೇ ಅಳ್ತೇದು ಇರ್ತದೆ ಅಂತ ಗೊತ್ತಾಗ್ಲಿಲ್ವಾ ನಿಂಗೆ?’

ಅವನಿಗೆ ನಿಜವಾಗಿ ಆಶ್ಚರ್ಯವಾಯಿತು. ‘ಕೈ ನೋಡಿ ಕೊಡಕಿಲ್ವಾ ಅಲ್ಲಿ? ಬಳೆ ಅಂಗ್ಡೀಲೂ ಕೈ ನೋಡೇ ಅಲ್ವಾ ಅಳ್ತೆ ತೆಗ್ಯೋದು? ಅಷ್ಟ್ ದೊಡ್ ಪರೀಕ್ಸೆ ಮಾಡೋರು, ಎಲ್ರಿಗೂ ಒಂದೇ ಮಡ್ಗಿರ್ತಾರಾ?’

ಈಗ ಬರೆಯುವಾಗ ಇದು ನಗು ತರಿಸುವ ಮಾತು ಅನ್ನಿಸುತ್ತದೆ. ಐವತ್ತು ವರ್ಷ ಒಂದೊಂದು ಕೈಯನ್ನೂ ಹಿಡಿದು ನೋಡಿ ಸಾಮಾನು ಮಾಡಿದವನಿಗೆ, ಲೋಕದ ಕೈಗೆಲ್ಲ ಒಂದೇ ಅಳತೆಯ ವಾದ್ಯ ಮಾಡುವ ದಡ್ಡರೂ ಇರುತ್ತಾರೆ ಎಂದು ಹೊಳೆಯುವುದಾದರೂ ಹೇಗೆ? ಅವನ ಪ್ರಕಾರ ಬೆಂಗಳೂರಿನಲ್ಲಿ ಹತ್ತು ಅಳತೆಯ ಪಿಯಾನೋ ಸಾಲಾಗಿ ನಿಂತಿರುತ್ತವೆ, ಹೋದವರ ಕೈ ಹಿಡಿದು ನೋಡಿ, ನೀನಿಲ್ಲಿ ಕೂರು ಅನ್ನುತ್ತಾರೆ. ಆವತ್ತು ನನಗೆ ನಗು ಬರಲಿಲ್ಲ. ನಾಲ್ಕು ತಿಂಗಳು ಹಾಳಾಗಿತ್ತು. ಮುಂದಿನ ವರ್ಷದವರೆಗೂ ಸಿಂಬಳ ಒರೆಸುವುದೇ. ಆದರೆ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕಲ್ಲ. ಅವನು ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಲಟ್ಟಣಿಗೆಗೂ ಕೇಳಿರಲಿಲ್ಲ, ಸೌಟಿಗೂ ಕೇಳಿರಲಿಲ್ಲ. ನಿನಗೆ ಇಷ್ಟು ಸಾಕು ಎಂದು ಅವನೇ ತೀರ್ಮಾನ ಮಾಡಿ, ಸಿಸ್ಟರ ಹಾಗೆ, ಆ ಪರೀಕ್ಷಕರ ಹಾಗೆ, ಅವರೆಲ್ಲರಿಗಿಂತ ಪ್ರೀತಿಯಿಂದ, ಒಂದೂವರೆ ಮಿಲಿಮೀಟರ್ ಕತ್ತರಿಸಿದ್ದ.

ಇದನ್ನು ಹೀಗೆ ಹೇಳಿದ್ದರೆ ಆಗುತ್ತಿತ್ತು. ನಾನು ಹೇಳಿದ್ದು ಬೇರೆ.

‘ನೀನು ಆಟದ್ ಸಾಮಾನ್ ಮಾಡೋನು ಕಣಪ್ಪ. ಕೊನೇಗೂ ಆಟದ್ ಸಾಮಾನೇ ಮಾಡ್ದೆ.’

ಅವನು ಕೈಗೆ ಹತ್ತಿದ್ದ ಹೊಟ್ಟನ್ನು ಪಂಚೆಗೆ ಒರೆಸಿಕೊಂಡ. ನನ್ನ ಕೋಪ ಅಷ್ಟಕ್ಕೇ ನಿಲ್ಲಲಿಲ್ಲ. ಆ ಮೂಕ ಪಿಯಾನೋವನ್ನು ಹಿತ್ತಿಲ ಬಚ್ಚಲಿಗೆ ಎಳೆದುಕೊಂಡು ಹೋಗಿ, ಸುತ್ತಿಗೆಯಲ್ಲಿ ಬಿಡಿಸಿ, ಕೀಗಳನ್ನು ಒಂದೊಂದಾಗಿ ಹಂಡೆಯ ಒಲೆಗೆ ಹಾಕಿದೆ. ಅರಗು ಹತ್ತಿದ ಮರ ಭಗ್ಗನೆ ಉರಿಯಿತು. ಅದರ ವಾಸನೆಗೆ ಅವ್ವ ಅಡುಗೆಮನೆಯಿಂದ ಓಡಿ ಬಂದಳು, ನೋಡಿದಳು, ನನ್ನ ಮುಖ ನೋಡಿ, ನನ್ನನ್ನು ತಡೆಯದೆ ಹಿಂದಕ್ಕೆ ಹೋದಳು. ಬೈಗಿನ ಹೊತ್ತಿಗೆ ಅಪ್ಪ ದಿನದ ಹಾಗೆ ಸ್ನಾನಕ್ಕೆ ಹೋದ. ‘ನೀರು ಕುದ್ದೋಗೈತೆ, ತಣ್ಣೀರ್ ಬೆರೆಸ್ಕಳಿ’ ಎಂದು ಅವ್ವ ಕೂಗಿ ಹೇಳಿದಳು. ಅವನು ಒಳಗಿನಿಂದ ‘ಊಂ’ ಅಂದ. ತಾನು ಮೂರು ವಾರ ಕೂತು ಮಾಡಿದ್ದನ್ನು ಉರಿಸಿ ಕಾಯಿಸಿದ ನೀರನ್ನು ಮೈಮೇಲೆ ಹುಯ್ದುಕೊಂಡು ಬಂದು, ಉಂಡು ಮಲಗಿದ.

ಆಮೇಲೆ ಎರಡು ವರ್ಷ ಅವನು ಆ ವಿಷಯ ಎತ್ತಲಿಲ್ಲ. ಊಟ ಮಾಡು, ಬಸ್ಸು ಬಂತು, ಮಳೆ ಬತ್ತೈತೆ ಕೊಡೆ ತಗಾ, ಎಲ್ಲ ಮಾತೂ ಇತ್ತು. ಆದರೆ ಪಿಯಾನೋ ಹೇಗಿದೆ ಎಂದು ಕೇಳಲಿಲ್ಲ, ನನಗೆಂದು ಒಂದು ಗೂಟವನ್ನೂ ಲೇತಿಗೆ ಹಾಕಲಿಲ್ಲ. ನನ್ನ ಲಟ್ಟಣಿಗೆ ಸೀಳು ಬಿಟ್ಟಾಗ ಅವ್ವ ಅಂಗಡಿಯಿಂದ ಬೇರೆ ತಂದಳು. ಅದು ಉದ್ದವಾಗಿತ್ತು.

ಹಾಲಿನ ರಿಪೇರಿ ಮುಗಿದು ಪಿಯಾನೋ ಹೊರಗೆ ಬಂದ ಮೇಲೆ ನಾನು ಅದೇ ಎಟ್ಯೂಡನ್ನು ಪೂರಾ ಅಳತೆಯ ಮೇಲೆ ಮತ್ತೆ ಶುರು ಮಾಡಿದೆ. ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಶಾಲೆ ಬಿಟ್ಟ ಮೇಲೆ ದಿನಾ ಎರಡು ಗಂಟೆ. ಮೊದಲ ವರ್ಷ ಹಾರುವುದು ಮೆಲ್ಲಗೆ ಸರಿಹೋಗತೊಡಗಿತು. ಎರಡನೆಯ ವರ್ಷ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಗಿ, ಅಲ್ಲಿಂದ ಮಣಿಕಟ್ಟಿಗೆ ಇಳಿದು, ಒಂದು ಬೆಳಿಗ್ಗೆ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಡಾಕ್ಟರು ಅದುಮಿ ನೋಡಿ, ಮಣಿಕ‌ಟ್ಟಿಗೆ ಪಟ್ಟಿ ಹಾಕಿ, ‘ನಿಮ್ಮ ಕೈಗೆ ಆಗದ ದೂರಕ್ಕೆ ಎಳೀತಾ ಇದೀರಿ, ಹೀಗೇ ಮಾಡಿದ್ರೆ ಪ್ರಾರ್ಥನೆಗೂ ಬಾರಿಸೋಕಾಗಲ್ಲ’ ಅಂದರು. ಅಂದರೆ ಅಪ್ಪ ನೋಡಿದ್ದು ಸರಿ. ಅದಕ್ಕೂ ನನಗೆ ಕೋಪವೇ ಬಂತು. ಈ ಕೀ ಇಷ್ಟೇ ಅಗಲ ಇರಬೇಕು ಎಂದು ಯಾರು ಹೇಳಿದರು? ಯಾವ ಕಾಲದಲ್ಲೋ ಯಾರೋ ಉದ್ದ ಕೈಯ ಗಂಡಸರು ತಮಗೆ ಅನುಕೂಲ ಎಂದು ಇಟ್ಟುಕೊಂಡ ಅಳತೆ ಅದು. ಅದನ್ನು ಜಗತ್ತಿನ ಹೆಂಗಸರು, ಮಕ್ಕಳು, ಗಿಡ್ಡರು ಎಲ್ಲರೂ ತಮ್ಮ ಕೈಯ ದೋಷ ಅಂದುಕೊಂಡು ನರ ಹರಿದುಕೊಳ್ಳಬೇಕೇ? ಹೀಗೆ ಯುಕೆಜಿ ಮಕ್ಕಳ ಮುಂದೆ ಒಬ್ಬಳೇ ಗೊಣಗಿಕೊಂಡದ್ದೂ ಉಂಟು. ಮಕ್ಕಳು ಹೂಂ ಮಿಸ್ ಅಂದವು.

ಕೈಗೆ ಪಟ್ಟಿ ಹಾಕಿಕೊಂಡು ಕೂತಿದ್ದ ಆ ದಿನಗಳಲ್ಲಿ ಫೋನಿನಲ್ಲಿ ಒಂದು ವಿಡಿಯೋ ಕಂಡಿತು. ದೂರದೇಶದ ಒಬ್ಬ ಹೆಂಗಸು, ನನ್ನಷ್ಟೇ ಸಣ್ಣ ಕೈ, ಅದೇ ಎಟ್ಯೂಡನ್ನು ನೀರು ಕುಡಿದ ಹಾಗೆ ನುಡಿಸುತ್ತಿದ್ದಳು. ಕೊನೆಯಲ್ಲಿ ಹೇಳಿದಳು: ಇದು ಸಣ್ಣ ಕೈಯವರಿಗೆಂದು ಮಾಡಿಸಿದ ಕಿರಿದಾದ ಕೀಗಳು, ಮಾಮೂಲಿ ಪಿಯಾನೋದ ಕೀಗಳನ್ನು ಹೊರಗೆ ತೆಗೆದು ಇವನ್ನು ಕೂರಿಸಿದ್ದು. ಮುಂದಿನ ಭಾಗ ಮಾತ್ರ ಕಿರಿದು, ಹಿಂದಕ್ಕೆ ಹೋಗುತ್ತ ಬೀಸಣಿಗೆಯ ಹಾಗೆ ಅಗಲವಾಗಿ ಒಳಗಿನ ಸುತ್ತಿಗೆಗಳನ್ನು ಮುಟ್ಟುತ್ತವೆ. ಒಂದು ಸ್ಥಾಯಿಗೆ ಹದಿನೈದು ಸೆಂಟಿಮೀಟರ್ ಚಿಲ್ಲರೆ. ನಾನು ಫೋನು ಕೆಳಗಿಟ್ಟೆ. ಅಪ್ಪ ಕ್ಯಾಲಿಪರಿನಿಂದ ಮುಟ್ಟಿದ್ದ ಅಳತೆಗೂ ಅದಕ್ಕೂ ಇದ್ದದ್ದು ಇಡೀ ಸ್ಥಾಯಿಗೆ ಎರಡೇ ಮಿಲಿಮೀಟರ್ ವ್ಯತ್ಯಾಸ.

ಅದೇ ತಿಂಗಳು ಶಾಲೆಗೆ ಕರೆಂಟಿನ ಹೊಸ ಕೀಬೋರ್ಡು ಬಂತು. ಹಳೆಯ ಪಿಯಾನೋವನ್ನು ಗುಜರಿಗೆ ಹಾಕುತ್ತೇವೆ ಅಂದರು. ನಾನು ಕೇಳಿದೆ, ಕೊಟ್ಟರು. ಗೂಡ್ಸ್ ಗಾಡಿಯಲ್ಲಿ ಹೇರಿಸಿಕೊಂಡು ಬಂದು ನಾಲ್ಕು ಜನರ ಕೈಲಿ ಇಳಿಸಿ ನಮ್ಮ ಪಡಸಾಲೆಯಲ್ಲಿ, ಲೇತಿನ ಎದುರು ಗೋಡೆಗೆ ನಿಲ್ಲಿಸಿದೆ. ಅಪ್ಪ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಉಳಿ ಹಿಡಿದ.

ನಾನು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಮಧ್ಯಾಹ್ನ ಅವನ ಮುಂದೆ ಫೋನು ಹಿಡಿದು ಆ ಹೆಂಗಸನ್ನು ತೋರಿಸಿದೆ. ಕೀ ಹೊರಗೆ ತೆಗೆದು ತೋರಿಸುವ ಜಾಗದಲ್ಲಿ ನಿಲ್ಲಿಸಿದೆ. ‘ನೋಡಪ್ಪ, ನೀನು ಮಾಡಿದ್ದೇ ಇದು. ಅಲ್ಲಿಯೋರೂ ಹಿಂಗೇ ಮಾಡವ್ರೆ. ಇದಕ್ಕೂ ಮಾಡ್ಕೊಡ್ತೀಯಾ? ಎಂಬತ್ತೆಂಟು ಕೀ’ ಅಂದೆ. ನನ್ನ ಮಟ್ಟಿಗೆ ಅದು ತಪ್ಪೊಪ್ಪಿಗೆಯೇ. ಅವನು ಹಿಗ್ಗುತ್ತಾನೆ ಎಂದೇ ತಿಳಿದಿದ್ದೆ.

ಅವನೇ ಲೇತಿನ ಸ್ವಿಚ್ಚು ಆರಿಸಿದ. ನಾನು ಹುಟ್ಟಿದಾಗಿನಿಂದ ಅಪ್ಪ ದನಿ ಎತ್ತಿದ್ದು ನನಗೆ ಗೊತ್ತಿಲ್ಲ. ಅವತ್ತು ಎತ್ತಿದ.

‘ಅವ್ಳು ಪೋನ್ನಲ್ ಏಳುದ್ರೆ ಪಿಯಾನ. ನಿಮ್ಮಪ್ಪ ಮಾಡುದ್ರೆ ಆಟದ್ ಸಾಮಾನು. ಅಲ್ವಾ? ಎರಡ್ ವರ್ಸ ಆಯ್ತು, ಒಂದ್ ದಿನ ಬಂದು ತಪ್ಪಾಯ್ತು ಕಣಪ್ಪ ಅಂದ್ಯಾ? ಈಗ ಅವ್ಳು ಸರಿ ಅಂದ್ಲು ಅಂತ ನಾನು ಸರಿಯಾಗ್ಬುಟ್ನಾ?’

‘ತಪ್ಪಾಯ್ತು ಕಣಪ್ಪ.’

‘ಆ ಅಳ್ತೆ ಎಂಗ್ ತೆಗ್ದೆ ಗೊತ್ತಾ ನಿಂಗೆ? ರಾತ್ರಿ ನೀನ್ ಮಲ್ಗಿದ್ದಾಗ ಮೂರ್ ದಿನ ಬಂದು ನಿನ್ ಬೆರಳ್ನ ಒಂದೊಂದಾಗಿ ಅಳ್ದೆ. ಎದ್ರೆ ಬೈತೀಯ ಅಂತ ಉಸ್ರು ಬುಡ್ದೆ ಕೂತಿದ್ದೆ. ಅದುನ್ನ ಒಲೆಗ್ ಆಕ್ದೆ.’

‘ನಾನ್ ಮಲ್ಗಿದ್ದಾಗ ಯಾಕಪ್ಪ ಅಳ್ದೆ? ಎದ್ದಿದ್ದಾಗ ಕೇಳ್ಬೋದಿತ್ತಲ್ಲ!’ ನನ್ನ ದನಿಯೂ ಏರಿತು. ಎರಡು ವರ್ಷದ ಹಿಂದೆ ಹೇಳಬೇಕಿದ್ದ ಮಾತು ಅದು. ‘ಯಾವತ್ತಾದ್ರೂ ಒಂದಿನ ನನ್ನ ಕೇಳಿದ್ಯಾ? ನಿಂಗೆ ಎಷ್ಟು ಬೇಕು ಮಗ ಅಂತ?’

ಅಡುಗೆಮನೆಯ ಬಾಗಿಲಲ್ಲಿ ಅವ್ವ ಕೈಯಲ್ಲಿ ಸೊಪ್ಪು ಹಿಡಿದು ನಿಂತಿದ್ದಳು. ಅಪ್ಪ ಗೂಟದಿಂದ ಕ್ಯಾಲಿಪರ್ ತೆಗೆದುಕೊಂಡ. ಪಿಯಾನೋದ ಹತ್ತಿರ ಹೋಗಿ ಮುಚ್ಚಳ ಎತ್ತಿದ. ನನ್ನ ಕೈ ಹಿಡಿದು ನೋಡಲಿಲ್ಲ. ಕ್ಯಾಲಿಪರನ್ನು ನನ್ನ ಕೈಗೇ ಕೊಟ್ಟ. ಅವನ ಕೋಪ ಇಳಿದಿರಲಿಲ್ಲ, ಮುಖ ಇನ್ನೂ ಕೆಂಪಗಿತ್ತು.

‘ಸರಿ. ಈಗ ಕೇಳ್ತಾ ಇವ್ನಿ. ಎಷ್ಟಗ್ಲ ಬೇಕು, ನೀನೇ ಏಳು.’

ನಾನು ಪಟ್ಟಿ ಹಾಕಿದ ಕೈಯನ್ನು ಕೀಗಳ ಮೇಲೆ ಬಿಚ್ಚಿ ಇಟ್ಟೆ. ಹೆಬ್ಬೆರಳು ಕಿರುಬೆರಳು ಸೇರಿಸಿದೆ, ಅಗಲಿಸಿದೆ, ನೋವಾಯಿತು, ಮತ್ತೆ ಸೇರಿಸಿದೆ. ಕ್ಯಾಲಿಪರನ್ನು ಹಿಡಿದು ಬಿಚ್ಚಿದೆ, ಮುಚ್ಚಿದೆ. ಮೂವತ್ತು ವರ್ಷ ಯಾರೂ ನನ್ನನ್ನು ಕೇಳಲಿಲ್ಲ ಎಂದು ಊರೆಲ್ಲ ಕೇಳುವ ಹಾಗೆ ಕೂಗಾಡಿದವಳು ನಾನು. ಅಪ್ಪ ಕಾಯುತ್ತ ನಿಂತಿದ್ದ. ಎಷ್ಟು ಬೇಕೆಂದು ನನಗೇ ಗೊತ್ತಿರಲಿಲ್ಲ.